ಗುಂಜಿ ಲೆಕ್ಕ

ಇನ್‌ಫೆಂಟ್ರಿ ರಸ್ತೆಯ ಕೋವಿ ಅಂಗಡಿಯಲ್ಲಿ
ತಿಂಗಳಿಗೆ ತೊಂಬತ್ತು ರೂಪಾಯಿಗೆ ಲೆಕ್ಕ ಬರೆಯುತ್ತಿದ್ದೆ.
ಕಬ್ಬನ್‌ಪೇಟೆಯ ಮಗ್ಗದ ಮನೆಯವಳು,
ಎಳೆ ಎಣಿಸುತ್ತ ಬೆಳೆದವಳು.
ಕಾಡೆಂದರೆ ನನಗೆ
ಲಾಲ್‌ಬಾಗಿನ ಬಂಡೆಯ ಹಿಂಭಾಗ.

ಎಪ್ಪತ್ತೊಂದರ ಬೇಸಿಗೆ, ಆರು ಶನಿವಾರ,
ಹಲ್ಲಿನ ಡಾಕ್ಟರು ನಂಜರಾಜೇ ಅರಸು
ಲವಂಗದೆಣ್ಣೆಯ ವಾಸನೆ ಸಮೇತ ಬಂದರು.
ಅವರಿಗೊಂದು ಕಾಟಿ ಬೇಕಿತ್ತು,
ಕಾಟಿಗೊಂದು ರೈಫಲ್ಲು.
ಮೇಜಿನ ಗಾಜಿನ ಮೇಲೆ ಮೂರು ಮಲಗಿದ್ದವು:
ಮುನ್ನೂರ ಎಪ್ಪತ್ತೈದು, ನಾನೂರ ಇಪ್ಪತ್ತಮೂರು,
ಜೋಡಿ ನಳಿಗೆಯ ನಾನೂರ ಎಪ್ಪತ್ತು.
ನನಗವು ಬಸ್ಸಿನ ನಂಬರು.

ಖಲಂದರ್ ಮೇಸ್ತ್ರಿ ದರ್ಜಿಯ ಹಾಗೆ ಟೇಪು ಹಿಡಿದು
ಡಾಕ್ಟರ ಮೊಣಕೈ ಮಡಿಕೆಯಿಂದ
ತೋರುಬೆರಳಿನವರೆಗೆ ಅಳೆದರು.
"ಹಿಂದಿನ ಮರ ಅರ್ಧ ಇಂಚು ಕೊಯ್ಯಬೇಕು, ಸ್ವಾಮಿ.
ಇಪ್ಪತ್ತಮೂರು ಜರ್ಮನಿಯದು, ನೋಡೋಕೆ ಚೆಂದ,
ಗುಂಡು ಮೆತ್ತಗೆ; ಭುಜದ ಮೂಳೇಲೇ ಕೂತುಬಿಡುತ್ತೆ.
ಎಪ್ಪತ್ತು ಆನೇನೂ ಕೂರಿಸುತ್ತೆ.
ನಿಮ್ಮನ್ನೂ."
ಡಾಕ್ಟರು ಎಪ್ಪತ್ತನ್ನೇ ಎತ್ತಿಕೊಂಡರು.

ದಾಸ್ತಾನು ಪುಸ್ತಕದಲ್ಲಿ ಗುಂಡಿನ ತೂಕ ಗ್ರೇನಿನಲ್ಲಿ.
ಒಂದು ಗ್ರೇನೆಂದರೆ ಅರ್ಧ ಗುಂಜಿ, ಹೆಚ್ಚುಕಮ್ಮಿ.
ಚಿನ್ನದ ತೂಕ ಬಲ್ಲೆ, ಚಿನ್ನವನ್ನಲ್ಲ.
ಊಟದ ಬಿಡುವಿನಲ್ಲಿ ಹಾಳೆಯಂಚಿಗೆ ಪೆನ್ಸಿಲ್ಲಿಟ್ಟೆ:
ಎಪ್ಪತ್ತೈದರ ಗುಂಡು
ಒಂದೂಮುಕ್ಕಾಲು ತೊಲಕ್ಕೆ ಚೂರು ಕಮ್ಮಿ,
ಎಪ್ಪತ್ತರದು ಮೂರು ತೊಲಕ್ಕೆ ಹತ್ತಿರ.
ನನ್ನ ಮದುವೆಗೆಂದು ಅಪ್ಪ ಹನ್ನೊಂದು ವರ್ಷ
ಹಿತ್ತಾಳೆ ಡಬ್ಬಿಯಲ್ಲಿ, ಗುಲಾಬಿ ಕಾಗದದಲ್ಲಿ ಸುತ್ತಿ
ಕೂಡಿಟ್ಟದ್ದೂ ಸುಮಾರು ಅಷ್ಟೇ.
ಇಲ್ಲಿ ಅದು ಒಂದೇ ಏಟಿಗೆ ಹೊರಟುಹೋಗುತ್ತದೆ.
ರಬ್ಬರು ಹುಡುಕಿ ಅಳಿಸಿದೆ.

ನಾಲ್ಕನೆಯ ಶನಿವಾರ ಡಾಕ್ಟರ ತೋಳು ಏಳಲಿಲ್ಲ.
ಹೆಸರಘಟ್ಟದಾಚೆ ಯಾರದೋ ಕಲ್ಲುಗಣಿಯಲ್ಲಿ
ಎಪ್ಪತ್ತನ್ನು ಎರಡು ಸಲ ಹಾರಿಸಿದ್ದರಂತೆ;
ಕಾಲರಿನ ಕೆಳಗೆ ಅಂಗೈಯಗಲ ನೇರಳೆ.
ಮೇಸ್ತ್ರಿ ಏನೂ ಕೇಳಲಿಲ್ಲ.
ನಳಿಗೆ ಮುರಿದು, ಖಾಲಿಯೆಂದು ಎರಡು ಸಲ ನೋಡಿ,
ತುದಿಯಲ್ಲೊಂದು ನಾಲ್ಕಾಣೆ ಇಟ್ಟರು.
"ಕ್ಯಾಲೆಂಡರಿನ ಅಮಾವಾಸ್ಯೆಗೆ ಗುರಿಯಿಡಿ."

ಟಿಕ್.
ನಾಣ್ಯ ಉರುಳಿ ನನ್ನ ಮೇಜಿನಡಿಗೆ ಬಂತು.
ಮತ್ತೊಮ್ಮೆ. ಮತ್ತೆ ಅಲ್ಲಿಗೇ.
ಪರರ ದವಡೆಯಲ್ಲಿ ಮೂವತ್ತು ವರ್ಷ ನಡುಗದ ಕೈ.
"ಕೈಯಲ್ಲ," ಎಂದರು ಮೇಸ್ತ್ರಿ, "ರೆಪ್ಪೆ.
ಮೊದಲು ಹೆದರೋದು ಅದೇ."

ನಾಣ್ಯ ಹೆಕ್ಕಿ ಕೊಡಲು ಹೋದ ನನ್ನ ಕೈಗೇ
ಬಂದೂಕು ಬಂತು.
ಸೀರೆ ಸುತ್ತಿದ ಮಗ್ಗದ ದಿಂಡಿನ ಹಾಗೆ ತೂಗಿತು.
ಟಿಕ್.
ನಾಲ್ಕಾಣೆ ಕದಲಲಿಲ್ಲ.
ಅಂಗಡಿಯ ಹುಡುಗರು ಚಪ್ಪಾಳೆ ತಟ್ಟಿದರು.
ಅದರಲ್ಲೇನೂ ಇರಲಿಲ್ಲ.
ಅದರ ಸದ್ದನ್ನು ನಾನು ಕೇಳಿರಲಿಲ್ಲ, ಅಷ್ಟೆ.

ಆರನೆಯ ಶನಿವಾರ ಎಪ್ಪತ್ತೈದಕ್ಕೆ ರಸೀದಿ ಬರೆದೆ.
ಕಣ್ಣು ಬಿಟ್ಟುಕೊಂಡು ಹೊಡೆಯುವಷ್ಟು ದೊಡ್ಡದು ಸಾಕು
ಎಂಬ ಮೇಸ್ತ್ರಿಯ ಮಾತಿಗೆ ಡಾಕ್ಟರು
ಸುಮ್ಮನೆ ಪೆನ್ನಿನ ಟೊಪ್ಪಿ ತಿರುವುತ್ತಿದ್ದರು.
ಅರ್ಜಿ ಮೇಜಿಂದ ಮೇಜಿಗೆ ತೆವಳಿ
ಸಹಿ ಬೀಳುವಷ್ಟರಲ್ಲಿ
ಕಾನೂನು ಬಂತು, ಶಿಕಾರಿ ನಿಂತಿತು.

ಆಮೇಲೂ ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಲು ತಂದರು.
ಚುನಾವಣೆ ಬಂದಾಗಲೆಲ್ಲ ಒಪ್ಪಿಸಿ ಬರಬೇಕಲ್ಲ,
"ಇದು ನೋಡಿರೋ ಕಾಡೆಲ್ಲ
ಬಸವನಗುಡಿ ಪೊಲೀಸ್ ಠಾಣೆ ಕಣಮ್ಮ,"
ನಕ್ಕರು, ಕಟ್ಟಿಸಿಕೊಂಡ ಹಲ್ಲು ಬಿಟ್ಟು.

ನನ್ನ ಮದುವೆ ಎಪ್ಪತ್ತಾರರಲ್ಲಿ.
ಡಬ್ಬಿ ಬಿಚ್ಚಿದಾಗ ಎರಡೂಮುಕ್ಕಾಲು ತೊಲ,
ಗ್ರೇನಿನಲ್ಲಿ ಐನೂರಕ್ಕೆ ಐದು ಕಮ್ಮಿ.
ಧಾರೆಯ ಹೊತ್ತಿಗೆ ಕತ್ತು ಬಗ್ಗಿಸಿದಾಗ ಕಂಡಿತು,
ನಾನೆಂದೂ ನೋಡದ ಆ ಪ್ರಾಣಿ:
ಬಿದಿರ ಮೆಳೆಯಲ್ಲಿ, ಮೊಣಕಾಲವರೆಗೆ ಬಿಳಿ,
ಇಷ್ಟೇ ತೂಕ ಮೈಯೊಳಗಿಲ್ಲದೆ
ಮೇಯುತ್ತಿತ್ತು.